ಕಾಬಾಳೆಯ ಬೇಸಿಗೆ ನಿದ್ದೆ

ಜಹೀರಾಬಾದಿನ ನಮ್ಮ ಶಾಲೆಯ ಮಾಲಿ, ಕಾಬಾಳೆ ಎಂಬ ಗಡ್ಡೆಯ ಹೂಗಿಡಗಳನ್ನು ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಡುತ್ತಿದ್ದ. ಗಿಡ್ಡ ಹಳದಿ ಮುಂದೆ, ಎತ್ತರದ ಕೆಂಪು ಹಿಂದೆ. ಬೇಸಿಗೆ ಬಂತೆಂದರೆ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಿ, ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಮಲಗ್ಯಾವ್ರಿ, ಎಬ್ಬಿಸಬ್ಯಾಡ್ರಿ."

ನಾನು ಹೊಸದಾಗಿ ಬಂದ ಮೇಷ್ಟ್ರು. ಆತ ಊರಿಗೆ ಹೋದಾಗ ಬೋಳು ಪಾತಿಗೆ ಕನಿಕರದಿಂದ ದಿನಾ ಕೊಡಗಟ್ಟಲೆ ನೀರು ಹೊಯ್ದೆ. ಮಣ್ಣೊಳಗಿನ ಅರ್ಧದಷ್ಟು ಗಡ್ಡೆಗಳು ಕೊಳೆತವು.

ಆತ ಬಂದು ಮಣ್ಣು ಕೆದರಿ ಮೂಸಿದ. ಬೈಯಲಿಲ್ಲ. ಕೊಳೆತದ್ದನ್ನು ಕೊಯ್ದು, ಗಾಯಕ್ಕೆ ಬೂದಿ ಮೆತ್ತಿ, ಉಳಿದವನ್ನು ಮತ್ತೆ ಹುಗಿದ.

"ಬರ್ತಾವೇನು?" ಎಂದೆ.

"ಬರ್ತಾವ್ರಿ ಮಾಸ್ತರ್ರ. ನೀವು ಸುಮ್ನ ಕೂಡ್ರಿ."

ಮೊದಲ ಮಳೆಗೇ ಚಿಗುರು ಬಂತು. ಮಳೆ ನಾಲ್ಕು ದಿನ ಬಿಟ್ಟಾಗ, ಆತ ತುಂಬಿದ ಕೊಡವನ್ನು ನನ್ನ ಕೈಗೇ ಕೊಟ್ಟ.

"ಎದ್ದಾವ್ರಿ. ಈಗ ಹಾಕ್ರಿ."