ನರ್ಸಬಾಯಿ ಮತ್ತು ನನ್ನ ಗುಳಿಗೆ

ನರ್ಸಬಾಯಿಯವರ ಅಂಗೈ ಗಂಡಸರ ಅಂಗೈಗಿಂತ ಅಗಲ. ವರ್ಷಗಟ್ಟಲೆ ಸ್ಪಿರಿಟ್ಟಿನಲ್ಲಿ ತೊಳೆದೂ ತೊಳೆದೂ ಚರ್ಮ ಬಿರಿದು ಬೆಳ್ಳಗಾಗಿತ್ತು. ಆ ಕೈಯಿಂದ ಬೆನ್ನಿಗೊಂದು ಗುದ್ದು ಕೊಟ್ಟೇ ಅವರು ಮಾತು ಶುರು ಮಾಡುತ್ತಿದ್ದುದು. ಕಮಲಾಪುರದವರು, ನಿವೃತ್ತರಾಗಿ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನಮ್ಮದೇ ಚರ್ಚಿಗೆ ಬರುತ್ತಿದ್ದರು.

ನನಗೆ ಖಿನ್ನತೆ ಬಂದಾಗ ಅಳು ಬರಲಿಲ್ಲ, ಸಿಟ್ಟು ಬಂತು. ಜಗತ್ ಸರ್ಕಲ್ಲಿನಲ್ಲಿದ್ದ ನನ್ನ ಮೋಟಾರು ರಿಪೇರಿ ಅಂಗಡಿಗೆ ಬೀಗ ಹಾಕಿ ಮುಸುಕೆಳೆದು ಮಲಗಿದೆ. ಮುಸುಕು ತೆಗೆದವರಿಗೆ ಹೊಡೆದೆ. ಟಿವಿ ಒಡೆದೆ, ಹೆಂಡತಿಯ ತುಟಿ ಒಡೆದೆ. ಬರೆಯಲು ನಾಚಿಕೆಯಾಗುತ್ತದೆ. ನರ್ಸಬಾಯಿ ನನ್ನನ್ನು ಆಟೋದಲ್ಲಿ ದಬ್ಬಿಕೊಂಡು ಮನೋವೈದ್ಯರ ಬಳಿ ಒಯ್ದರು. ದಿನಾ ಬೆಳಿಗ್ಗೆ ಬಂದು ನನ್ನ ಕೈಯಲ್ಲಿ ಗುಳಿಗೆ ಇಟ್ಟು, ಊಟಕ್ಕೆ ಮುಂಚೆ ಮಾಡುವಂತೆ ಅದಕ್ಕೂ ಪ್ರಾರ್ಥನೆ ಮಾಡುತ್ತಿದ್ದರು: "ಸ್ವಾಮಿ, ಈ ಗುಳಿಗಿ ಆಶೀರ್ವದಿಸು. ಇವನ ಸಿಟ್ಟ ಇಳಸು. ಅಲ್ಲಿತನಾ ನನ್ನ ಸಿಟ್ಟೂ ತಡಿ."

ಮೂರು ತಿಂಗಳಿಗೆ ಸುಧಾರಿಸಿದೆ; ನರ್ಸಬಾಯಿ ಗುಳಿಗೆಗಳನ್ನು ನನ್ನ ಕೈಗೇ ಕೊಟ್ಟು ದಿನಾ ಬರುವುದು ಬಿಟ್ಟರು. ಆಗಲೇ ಎಡವಟ್ಟು ಮಾಡಿಕೊಂಡಿದ್ದು. ರೋಗಿಗಳಿಗಾಗಿ ಪ್ರಾರ್ಥಿಸುವ ಸ್ವಸ್ಥತೆಯ ಕೂಟವೊಂದರಲ್ಲಿ ಪರವೂರಿನ ಬೋಧಕರು "ನಂಬಿಕೆ ಇದ್ದವನಿಗೆ ಗುಳಿಗೆ ಯಾಕೆ?" ಎಂದರು. ಗುಣವಾದದ್ದಕ್ಕೆ ಸಾಕ್ಷಿ ಹೇಳಲು ಎದ್ದವನು ಜೇಬಿನ ಗುಳಿಗೆಗಳನ್ನೆಲ್ಲ ವೇದಿಕೆಗೆ ಎಸೆದೆ. ಜನ ಹಲ್ಲೆಲೂಯ ಎಂದು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು.

ಇಪ್ಪತ್ತು ದಿನಕ್ಕೆ ಕಾಯಿಲೆ ಮರಳಿತು. ಒಂದು ಮಧ್ಯಾಹ್ನ ನಟ್ಟು ಬಿಚ್ಚುವ ಪಾನಾ ಹಿಡಿದು ಕನ್ನಡಿ, ಕಿಟಕಿ, ಕಂಡದ್ದನ್ನೆಲ್ಲ ಪುಡಿ ಮಾಡಿ, ಸಾಯುತ್ತೇನೆಂದು ಕೂಗುತ್ತ ಒಳಕೋಣೆಗೆ ಹೊಕ್ಕೆ. ಬಾಗಿಲು ಹಾಕುವಷ್ಟರಲ್ಲಿ ಸಂದಿಯಲ್ಲಿ ನರ್ಸಬಾಯಿಯ ಕೈ ಬಂತು. ಬಲವೆಲ್ಲ ಹಾಕಿ ಬಾಗಿಲು ಬಡಿದೆ. ಎಲುಬು ಮುರಿದದ್ದು ಕೇಳಿಸಿತು. ಮತ್ತೆ ಬಡಿದೆ. ಚೌಕಟ್ಟಿನ ಮೇಲೆ ರಕ್ತ ಇಳಿಯಿತು.

"ಬಡಿ ತಮ್ಮಾ, ಎಷ್ಟ ಬಡೀತಿ ಬಡಿ. ಕೈಯಂತೂ ನಾ ತಗಿಯಂಗಿಲ್ಲ!"

ನನ್ನ ಕೈ ಸೋತಿತು. ಒಳಗೆ ಬಂದವರೇ ಇನ್ನೊಂದು ಕೈಯಿಂದ ಕಪಾಳಕ್ಕೆ ಬಾರಿಸಿದರು. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತರು.

ಮೂರು ಬೆರಳು ಸೊಟ್ಟಗೇ ಉಳಿದವು. ಮಹಾಗಾಂವ ಬಸ್ಸಿನ ಬಾಗಿಲಿಗೆ ಕೈ ಸಿಕ್ಕಿತೆಂದು ಎಲ್ಲರಿಗೂ ಹೇಳಿದರು. ನನಗಷ್ಟೇ ಅಂದದ್ದು: "ನೀ ಪೊಲೀಸ್ರ ಕೈಗೆ ಸಿಕ್ರ ಗುಳಿಗಿ ಯಾರ ಕೊಡ್ತಾರ? ಈ ಸುಳ್ಳಿಗಿ ಸ್ವಾಮಿಗಿ ನಾನೇ ಜವಾಬ ಕೊಡ್ತೀನಿ." ನಾನು ಕ್ಷಮೆ ಕೇಳಿದಾಗ, "ಕ್ಷಮಾ ಮಾಡೀನಿ. ಸಿಟ್ಟ ಇನ್ನಾ ಹೋಗಿಲ್ಲ, ತಡಿ" ಎಂದರು. ಮರುದಿನ ಬ್ಯಾಂಡೇಜಿನ ಕೈಯಲ್ಲೇ ಗುಳಿಗೆ ತಂದರು. ಅಂದಿನಿಂದ ನಾನೊಂದು ದಿನವೂ ತಪ್ಪಿಸಿಲ್ಲ.

ಹೋದ ವರ್ಷ ತೀರಿಕೊಂಡರು. ಮಣ್ಣು ಕಮಲಾಪುರದಲ್ಲಿ. ಪೆಟ್ಟಿಗೆಯಲ್ಲಿ ಅಕ್ಕನ ಕೈಗಳನ್ನು ಜೋಡಿಸಲು ಹೆಣಗುತ್ತಿದ್ದ ಅವರ ತಮ್ಮ, "ಆ ಬಸ್ಸಿಗಿ ಬೆಂಕಿ ಹಚ್ಚ" ಎಂದು ಬಿಕ್ಕಿದ. ನನಗೆ ತಡೆಯಲಾಗಲಿಲ್ಲ.

"ಬಸ್ಸಲ್ಲರೀ, ನಾನು. ಸಾಯಾಕ ಹೊಂಟಿದ್ದೆ. ಅಕ್ಕ ಅಡ್ಡ ಬಂದ್ಲು."

ಆತ ಎದ್ದವನೇ ಮೂಗಿಗೆ ಗುದ್ದಿದ. ಕೆಳಗೆ ಬಿದ್ದೆ. ಯಾರೂ ಬಿಡಿಸಲಿಲ್ಲ. ಮತ್ತೆ ಎತ್ತಿದ ಕೈಯನ್ನು ಆತನೇ ಇಳಿಸಿದ.

"ಇನ್ನ ಸಾಯೂ ಮಾತ ಆಡ್ತೀ ಏನ?"

"ಇಲ್ರೀ."

"ಹಂಗಾರ ಏಳು. ಹೆಗಲ ಕೊಡು."

ಮೂಗು ಒರೆಸಿಕೊಂಡು, ಅಕ್ಕನ ಪೆಟ್ಟಿಗೆಗೆ ಆತನ ಪಕ್ಕದಲ್ಲೇ ಹೆಗಲು ಕೊಟ್ಟೆ.