ವಿಷ್ಣುತೀರ್ಥರು ಕೇಳಿಸಿಕೊಳ್ಳದ ಉತ್ತರ

ನಮ್ಮ ಆಫೀಸಿನಲ್ಲಿ ವಿಷ್ಣುತೀರ್ಥರಿಂದ ಬೈಸಿಕೊಳ್ಳದವರು ಯಾರೂ ಇಲ್ಲ. ನಾನಂತೂ ವಾರಕ್ಕೆರಡು ಸಲ ಬೈಸಿಕೊಂಡಿದ್ದೇನೆ. ನನ್ನ ಕೆಲಸ ಯಂತ್ರದ ಕೈಪಿಡಿ ಬರೆಯುವುದು. ಅದರಲ್ಲಿ ಒಂದು ಪದ ಆಚೀಚೆಯಾದರೂ ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ಯಂತ್ರ ಉತ್ತರ ಕೊಟ್ರೆ ಓದ್ಬೇಕಮ್ಮಾ ರಂಜನಿ. ಚುಮ್ಮಾ ಮುಂದೆ ಹೋಗ್ತಾ ಇರೋದಲ್ಲ" ಎನ್ನುವುದು ಅವರ ನಿತ್ಯದ ಪಾಠವಾಗಿತ್ತು.

ಮದ್ರಾಸಿನಲ್ಲೇ ಹುಟ್ಟಿ ಬೆಳೆದವರು ಅವರು, ಮಾತಿನ ನಡುವೆ ತಮಿಳು ನುಸುಳುತ್ತದೆ. ತಂದೆ ರೈಲ್ವೆಯಲ್ಲಿದ್ದರು. ಕೋಡಂಬಾಕ್ಕಂನ ಹಳೆಯ ಮನೆಯಲ್ಲಿ ಈಗ ಅವರು ಮತ್ತು ಎಂಬತ್ತನಾಲ್ಕರ ತಾಯಿ ಅಂಬುಜಮ್ಮ. ಬೆಳಿಗ್ಗೆ ಸ್ನಾನ, ಮಡಿಯಲ್ಲಿ ದೇವರಪೂಜೆ, ಆಮೇಲೆ ಪ್ಯಾಂಟು ಶರ್ಟು. ಗಿಂಡಿವರೆಗೆ ಟ್ರೇನು, ಅಲ್ಲಿಂದ ವೇಲಚೇರಿಗೆ ಷೇರ್ ಆಟೋ. ನಾನಿರುವುದು ಪಕ್ಕದ ಬೀದಿಯಲ್ಲಿ, ಆದ್ದರಿಂದ ದಿನವೂ ಜೊತೆಯಲ್ಲೇ ಹೋಗುತ್ತಿದ್ದೆವು.

ನಮ್ಮ ಕಂಪನಿ ರಕ್ತಪರೀಕ್ಷೆ ಲ್ಯಾಬುಗಳಿಗೆ ಯಂತ್ರ ಮಾಡುತ್ತದೆ. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ನಮ್ಮದೇ. ಅದರ ತಿರುಳಾದ ಕರ್ನಲ್ ಬರೆದವರು ವಿಷ್ಣುತೀರ್ಥರು. ಪ್ರತಿಯೊಂದು ಪ್ರೋಸೆಸ್‌ಗೂ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೂ, ತಾನು ಯಾರ ಹೆಸರಿನಲ್ಲಿ, ಯಾವ ಗುಂಪುಗಳ ಪರವಾಗಿ ಓಡುತ್ತಿದ್ದೇನೆ ಎಂಬ ಗುರುತಿರುತ್ತದೆ. ಒಂದೊಂದು ಗುಂಪಿಗೂ ಕೆಲವು ಕಡತಗಳನ್ನು ತೆರೆಯುವ ಹಕ್ಕಿರುತ್ತದೆ. ಯಂತ್ರ ಶುರುವಾದಾಗ ಕೆಲವು ಪ್ರೋಗ್ರಾಮುಗಳು ರೂಟ್ ಎಂಬ ಯಜಮಾನನ ಗುರುತಿನಲ್ಲಿ ಏಳುತ್ತವೆ. ಯಜಮಾನನಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಆದ್ದರಿಂದ ಹೊರಗಿನ ಕೆಲಸಕ್ಕೆ ಕೈ ಹಾಕುವ ಮೊದಲು ಅವು ಸಾಮಾನ್ಯ ಬಳಕೆದಾರರಾಗಬೇಕು. ಇಲ್ಲೊಂದು ಕ್ರಮವಿದೆ. ಮೊದಲು ಗುಂಪುಗಳನ್ನು ಬಿಡಬೇಕು, ಕೊನೆಗೆ ಯಜಮಾನಿಕೆ. ಯಜಮಾನಿಕೆಯನ್ನೇ ಮೊದಲು ಬಿಟ್ಟರೆ ಗುಂಪು ಬದಲಿಸುವ ಅಧಿಕಾರ ಉಳಿಯುವುದಿಲ್ಲ. ಕರ್ನಲ್ "ಅನುಮತಿ ಇಲ್ಲ" ಎನ್ನುತ್ತದೆ.

ಕಳೆದ ಫೆಬ್ರವರಿಯಲ್ಲಿ ಒಂದು ಲ್ಯಾಬಿನವರು ದೂರು ಕೊಟ್ಟರು. ವರದಿ ಮುದ್ರಿಸುವ ನಮ್ಮ ಪ್ರೋಗ್ರಾಮು ಯಜಮಾನನ ಗುಂಪಿಗೆ ಮಾತ್ರ ಮೀಸಲಾದ ರೋಗಿಗಳ ಕಡತಗಳನ್ನೂ ತೆರೆಯುತ್ತಿತ್ತು. ಕಾರಣ ಒಂದು ಗಂಟೆಯೊಳಗೆ ಸಿಕ್ಕಿತು. ಅದು ಯಜಮಾನಿಕೆಯನ್ನು ಮೊದಲು ಬಿಟ್ಟು, ಆಮೇಲೆ ಗುಂಪು ಬಿಡಲು ಹೋಗಿತ್ತು. ಕರ್ನಲ್ ಆಗುವುದಿಲ್ಲ ಎಂದಿತ್ತು. ಪ್ರೋಗ್ರಾಮು ಆ ಉತ್ತರವನ್ನು ನೋಡದೆ ಮುಂದುವರಿದಿತ್ತು.

ಯಾವ ಸಾಲನ್ನು ಯಾರು ಸೇರಿಸಿದರೆಂಬ ದಾಖಲೆಯಲ್ಲಿ ಆ ಸಾಲುಗಳ ಪಕ್ಕದಲ್ಲಿದ್ದುದು ಶಾಲಿನಿಯ ಹೆಸರು. ಮಗುವಿಗಾಗಿ ಹತ್ತು ವರ್ಷ ಮನೆಯಲ್ಲಿದ್ದು, ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದವಳು. ಮಾರ್ಚಿನಲ್ಲಿ ಕೆಲಸ ಖಾಯಂ ಆಗಬೇಕಿತ್ತು. ಅವಳು ಆ ಸಾಲುಗಳನ್ನು ಒಂದು ಕಡತದಿಂದ ಇನ್ನೊಂದಕ್ಕೆ ಎತ್ತಿಟ್ಟಿದ್ದಳು, ಅಷ್ಟೇ. ಮೊದಲು ಬರೆದವರು ಯಾರೆಂಬುದು ಅದರಲ್ಲಿ ಇರಲಿಲ್ಲ. 2015ರ ಮಳೆಯಲ್ಲಿ ನಮ್ಮ ಹಳೆಯ ಸರ್ವರ್ ಮುಳುಗಿತ್ತು. ಹೊಸದಕ್ಕೆ ಎಲ್ಲವನ್ನೂ ಒಟ್ಟಿಗೆ ಸುರಿದಾಗ ಹೆಸರುಗಳು ಹೋದವು. ನಮ್ಮ ಮ್ಯಾನೇಜರ್ ಮನೀಶ್‌ಗೆ ಅಷ್ಟೇ ಸಾಕಾಯಿತು. ಮುಟ್ಟಿದವರು ಓದಬೇಕಿತ್ತು, ವರದಿಯಲ್ಲಿ ಶಾಲಿನಿಯ ಹೆಸರು ಹೋಗಲಿ ಎಂದು ಅಂದಿನ ಮೀಟಿಂಗಿನಲ್ಲಿ ಹೇಳಿದರು.

ಬರೆದವರು ಯಾರೆಂದು ನನಗೆ ಗೊತ್ತಿತ್ತು. ವೇಲಚೇರಿಯ ಆಫೀಸು ನೀರಿನಲ್ಲಿದ್ದಾಗ ಕೋಡಂಬಾಕ್ಕಂನ ಆ ಮನೆಯ ಹಾಲಿನಲ್ಲಿ ಕುಳಿತು ವಿಷ್ಣುತೀರ್ಥರೇ ಬರೆದಿದ್ದರು. ಎದುರಿನಲ್ಲಿ ಕೈಪಿಡಿ ತಿದ್ದುತ್ತ ಕುಳಿತಿದ್ದವಳು ನಾನು. ಮೀಟಿಂಗಿನಲ್ಲಿ ಅವರು ಮೇಜು ನೋಡುತ್ತ ಕುಳಿತರು. ಮೇ ತಿಂಗಳಲ್ಲಿ ಅವರ ನಿವೃತ್ತಿ. ಆಮೇಲೆ ಎರಡು ವರ್ಷ ಸಲಹೆಗಾರರಾಗಿ ಇಟ್ಟುಕೊಳ್ಳುವ ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಆದರೆ ನಾನೂ ಬಾಯಿ ಬಿಡಲಿಲ್ಲ. ಅವರೇ ಹೇಳಲಿ ಎಂದು ಕಾದೆ. ಅದು ದೊಡ್ಡತನವಲ್ಲ, ಹೇಡಿತನ.

ಮರುದಿನ ಬೆಳಿಗ್ಗೆ ನಾನು ಅವರ ಮನೆ ಬಾಗಿಲಿಗೆ ಹೋದಾಗ ಅವರು ಪ್ಯಾಂಟು ಶರ್ಟು ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು. ಒಳಗಿನಿಂದ ಅಂಬುಜಮ್ಮನ ಧ್ವನಿ ಬಂತು.

"ಏನೋ ವಿಷ್ಣು, ಸಾಲಿಗ್ರಾಮ ತಟ್ಟೇಲೇ ಇದೆಯಲ್ಲೋ! ಪೆಟ್ಟಿಗೇಲಿ ಎತ್ತಿಡ್ಲೇ ಇಲ್ವಾ?"

"ಅಯ್ಯೋ, ಮಡಿ ಬಿಟ್ಬಿಟ್ನಲ್ಲಮ್ಮಾ."

"ಮೊದ್ಲು ದೇವರನ್ನ ಎತ್ತಿಡ್ಬೇಕು, ಅಪ್ಪುರಂ ಮಡಿ ಬಿಡ್ಬೇಕು. ಅರವತ್ತಾಗ್ತಾ ಬಂತು, ಇದನ್ನೂ ನಾನು ಹೇಳ್ಕೊಡ್ಬೇಕಾ? ಈಗ ನೀನು ಮುಟ್ಟೋ ಹಾಗಿಲ್ಲ. ಹೋಗು, ಇನ್ನೊಂದ್ಸಲ ಸ್ನಾನ ಮಾಡು."

ಅವರು ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ನನ್ನ ಮುಖ ನೋಡಿದರು. ಐವತ್ತು ವರ್ಷದಿಂದ ಆ ಪೂಜೆ ಮಾಡುತ್ತಿರುವವರು. ಅದರಲ್ಲಿ ಅವರು ತಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ. ಮತ್ತೆ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ದೇವರನ್ನು ಪೆಟ್ಟಿಗೆಯಲ್ಲಿಟ್ಟು ಬರುವಷ್ಟರಲ್ಲಿ ನಮ್ಮ ಟ್ರೇನು ಹೋಗಿತ್ತು.

ಪ್ಲಾಟ್‌ಫಾರಂ ಮೇಲೆ ಅವರೇ ಮಾತು ತೆಗೆದರು. "ನಮ್ಗಾದ್ರೆ ಇನ್ನೊಂದ್ಸಲ ಸ್ನಾನ ಇದೆ ರಂಜನಿ. ಪ್ರೋಸೆಸ್‌ಗೆ ಅದಿಲ್ಲ, ಬಿಟ್ಟಿದ್ದು ಬಿಟ್ಟ ಹಾಗೇ. ಹಾಗಂತ ಕರ್ನಲ್‌ನಲ್ಲಿ ಬರೆದೋನು ನಾನೇ. ಅದು ಆಗಲ್ಲ ಅಂದಾಗ ಕೇಳಿಸ್ಕೊಳ್ಳದೇ ಹೋದೋನೂ ನಾನೇ."

ಆಫೀಸಿಗೆ ಹೋದವರು ಬ್ಯಾಗನ್ನೂ ಇಳಿಸದೆ ಮನೀಶ್ ಕೋಣೆಗೆ ಹೋದರು. ಶಾಲಿನಿಯನ್ನು ಕರೆಸಿದರು. ನಾನೂ ಹಿಂದೆಯೇ ಹೋದೆ. ಆ ಸಾಲು ನನ್ನದು, ವರದಿಯಲ್ಲಿ ನನ್ನ ಹೆಸರು ಬರೆಯಿರಿ ಎಂದು ಅವರು ಮನೀಶ್‌ಗೆ ಹೇಳಿದರು. ನಾನು ಕಣ್ಣಾರೆ ಕಂಡಿದ್ದೇನೆ ಎಂದು ನಾನೂ ಹೇಳಿದೆ, ಒಂದು ದಿನ ತಡವಾಗಿ. ಪತ್ರಕ್ಕೆ ಇನ್ನೂ ಸಹಿಯಾಗಿಲ್ಲ, ಇನ್ನೊಮ್ಮೆ ಯೋಚಿಸಿ ಎಂದು ಮನೀಶ್ ತಗ್ಗಿದ ದನಿಯಲ್ಲಿ ಹೇಳಿದರು.

"ಯೋಚ್ನೆ ಮಾಡ್ಕೊಂಡೇ ಬಂದಿದೀನಿ" ಎಂದರು ವಿಷ್ಣುತೀರ್ಥರು.

ಶಾಲಿನಿ ಥ್ಯಾಂಕ್ಸ್ ಹೇಳಲಿಲ್ಲ. "ನಿನ್ನೇನೇ ಹೇಳ್ಬಹುದಿತ್ತಲ್ಲ ಸಾರ್? ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ನಾನು" ಎಂದಳು.

"ಹೇಳ್ಬೇಕಿತ್ತಮ್ಮಾ. ತಪ್ಪಾಯ್ತು."

ಯಾರಿಗೂ ಅವರು ತಪ್ಪಾಯ್ತು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಲಹೆಗಾರರ ಪತ್ರ ಬರಲೇ ಇಲ್ಲ. ಶಾಲಿನಿಯ ಕೆಲಸ ಖಾಯಂ ಆಯಿತು. ಕ್ರಮ ಸರಿಪಡಿಸಿ, ಕರ್ನಲ್ ಕೊಡುವ ಪ್ರತಿ ಉತ್ತರವನ್ನೂ ನೋಡುವಂತೆ ಆ ಪ್ರೋಗ್ರಾಮನ್ನು ಅವಳೇ ತಿದ್ದಿದಳು. ಕರ್ನಲ್‌ನ ಹೊಣೆಯೂ ಅವಳಿಗೇ ಬಂತು.

ಮೇ ತಿಂಗಳ ಕೊನೆಯ ದಿನ ಆಫೀಸಿನ ಸರ್ವರಿನಲ್ಲಿ ವಿಷ್ಣುತೀರ್ಥರಿಗಿದ್ದ ಅಧಿಕಾರಗಳನ್ನು ತೆಗೆಯುವ ಕೆಲಸ ಶಾಲಿನಿಯ ಪಾಲಿಗೆ ಬಿತ್ತು. ನಾನೂ ಪಕ್ಕದಲ್ಲಿದ್ದೆ. ಅವಳು ಕೀಬೋರ್ಡಿನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಳು. "ಯಾಕಮ್ಮಾ ಕೂತ್ಬಿಟ್ಟೆ? ಮೊದ್ಲು ಗುಂಪು" ಎಂದರು ಅವರು. ಅವಳು ಒಂದೊಂದೇ ಗುಂಪಿನಿಂದ ಅವರ ಹೆಸರು ತೆಗೆದಳು. ಕೊನೆಗೆ ರೂಟ್ ಆಗುವ ಅಧಿಕಾರವನ್ನೂ ತೆಗೆದಳು.

ಅವರು ಹೊಸದಾಗಿ ಲಾಗಿನ್ ಆಗಿ, ತಾವೇ ಬರೆದ ಕರ್ನಲ್‌ನ ಕಡತವನ್ನು ತೆರೆಯಲು ಹೋದರು. ಪರದೆಯ ಮೇಲೆ ಒಂದು ಸಾಲು ಮೂಡಿತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

"ಅನುಮತಿ ಇಲ್ಲ" ಎಂದು ನಿಧಾನವಾಗಿ, ನಮಗಿಬ್ಬರಿಗೂ ಕೇಳುವಂತೆ ಓದಿದರು. "ಸರಿಯಾಗೇ ಹೇಳ್ತಿದೆ."

ಆಮೇಲೆ ಊಟದ ಡಬ್ಬಿ ಎತ್ತಿಕೊಂಡು ಎದ್ದರು.