ತಗ್ಗಿನ ಅಂಚಿಗೆ ಕಾವು

ಮನುಷ್ಯ ಕಟ್ಟಿದ್ದು ಯಾವುದೂ ಶಾಶ್ವತವಲ್ಲ. ಅದರಲ್ಲೂ ನಾನು ಎದುರು ನಿಂತು ಮುಚ್ಚಿಸಿದ ರಸ್ತೆಯ ತಗ್ಗುಗಳು ಮುಂದಿನ ಸಂತೆಯವರೆಗೆ ಬಾಳಿದ್ದೂ ಕಡಿಮೆ. ನಿನ್ನೆ ಹುನಗುಂದದ ನಮ್ಮ ಮನೆಯ ಮುಂದೆ, ಗ್ಯಾಸಿನ ಒಲೆಯನ್ನು ಬೋರಲು ಹಾಕಿದಂಥ ಒಂದು ಯಂತ್ರ ಬಂದು ತಗ್ಗಿನ ಸುತ್ತಲಿನ ಹಳೆಯ ಡಾಂಬರನ್ನು ಕಾಸತೊಡಗಿತು. ಆ ವಾಸನೆಗೆ ಚಹಾದ ಕಪ್ಪು ಹಿಡಿದೇ ಹೊರಗೆ ಬಂದೆ. "ಹೊಸಾ ಪದ್ಧತಿ ಐತ್ರಿ" ಎಂದರು ಯಂತ್ರದವರು. ನನಗೆ ನೀಲವ್ವ ನೆನಪಾದಳು.

ನೀಲವ್ವ ಇಳಕಲ್ಲಿನ ನೇಕಾರ ಮನೆಯವಳು. ಮನೆಯ ಮಗ್ಗ ನಿಂತ ಮೇಲೆ, ನಾನು ಮೇಲ್ವಿಚಾರಕನಾಗಿದ್ದ ರಸ್ತೆ ಗ್ಯಾಂಗಿಗೆ ದಿನಗೂಲಿಗೆ ಬಂದಿದ್ದಳು. ಗುಡೂರ ದಾರಿಯ ತಿರುವಿನಲ್ಲಿ ಒಂದು ತಗ್ಗಿತ್ತು. ಮೂರು ಸಲ ಮುಚ್ಚಿದ್ದೆವು, ಮೂರು ಸಲವೂ ಕಿತ್ತಿತ್ತು. ತಪ್ಪು ಯಾರದೆಂದು ಇಲಾಖೆಯ ಸಾಹೇಬರು ಬಂದು ಕೇಳಿದಾಗ ನಾನು, ಇಂಥ ಸಂದರ್ಭಕ್ಕೆ ತಕ್ಕ ಘನತೆಯಿಂದ, ದೂರದ ಜಾಲಿಗಿಡವನ್ನು ನೋಡಿದೆ. ಸಾಹೇಬರು ಜಲ್ಲಿ ಬಡಿಯುವ ದಮ್ಮಸು ಹಿಡಿದು ನಿಂತಿದ್ದ ನೀಲವ್ವನನ್ನು ನೋಡಿದರು.

"ಈ ಮಳಿಗಾಲದಾಗ ಇದು ಮತ್ತ ಕಿತ್ರ ಆಕೀನ್ನ ಕೆಲಸದಿಂದ ಬಿಡಿಸ್ರಿ" ಎಂದು ಜೀಪು ಹತ್ತಿದರು.

ಜೀಪು ಹೋದ ಮೇಲೆ ನೀಲವ್ವ ತಗ್ಗಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು.

"ಸರ, ಇದು ನಡುವ ಕಿತ್ತಿಲ್ರಿ, ಅಂಚಿನಾಗ ಬಿಟ್ಟೈತಿ. ಹಳೇದು ತಣ್ಣಗ, ಹೊಸಾದು ಬಿಸಿ. ಒಂದಕ್ಕೊಂದು ಹ್ಯಾಂಗ ಹಿಡೀಬೇಕು? ನಾವು ಸೀರಿಗೆ ಸೆರಗ ಕೂಡಸೂವಾಗ ಎಳಿಗೆ ಎಳಿ ಕೊಂಡಿ ಹಾಕತೇವಿ. ನೀವು ಬರೇ ಮ್ಯಾಲ ಇಟ್ಟು ಬಡೀರಿ ಅಂತೀರಿ."

"ನಿಯಮದಾಗ ಕೊಂಡಿ ಇಲ್ಲ, ನೀಲವ್ವ."

"ನಿಯಮಾನೂ ಮೂರು ಸಲ ಕಿತ್ತೈತಲ್ರಿ. ಮೊದಲ ಹಳೇ ಅಂಚು ಕಾಸ್ರಿ."

ಒಪ್ಪಿದೆ, ಒಪ್ಪಿ ಕೆಡಿಸಿದೆ. ಅಂಚನ್ನು ಕಾಸುವುದೆಂದರೆ ಬೆಂಕಿ ಹಾಕುವುದು ಎಂದು ತಿಳಿದು ತಗ್ಗಿನೊಳಗೇ ಹತ್ತಿಕಟ್ಟಿಗೆ ಒಟ್ಟಿಸಿ ಹಚ್ಚಿಸಿದೆ. ಬಾಗಲಕೋಟೆಯ ಹೋಳಿಯೇ ಗುಡೂರ ದಾರಿಗೆ ಬಂದಂತಾಯಿತು. ಆರಿದ ಮೇಲೆ ನೋಡಿದರೆ ಅಂಚಿನ ಡಾಂಬರು ಸುಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

"ಕಾಸ್ರಿ ಅಂದ್ರ ಸುಟ್ರಲ್ರಿ ಸರ. ನಿಮ್ಮ ಮನ್ಯಾಗ ರೊಟ್ಟಿ ಅವ್ವಾರ ಮಾಡತಾರ, ಪುಣ್ಯಾ."

ಸುಟ್ಟದ್ದನ್ನೆಲ್ಲ ಅವಳೇ ಹಾರೆಯಿಂದ ಕೆತ್ತಿ, ಗುಡಿಸಿ ತೆಗೆದಳು. ತಗ್ಗಿನ ಮೇಲೆ, ಅಂಚೂ ಸೇರುವಂತೆ, ಕಬ್ಬಿಣದ ತಗಡು ಮುಚ್ಚಿ, ಡಾಂಬರು ಕಾಯಿಸುವ ಒಲೆಯ ಕೆಂಡವನ್ನು ಆ ತಗಡಿನ ಮೇಲೆ ಹರವಿದಳು. ಆಗಾಗ ತಗಡು ಸರಿಸಿ ಅಂಚನ್ನು ಕಡ್ಡಿಯಿಂದ ಚುಚ್ಚಿ ನೋಡುವಳು. ಹೊಗೆ ಏಳಬಾರದು, ಕಡ್ಡಿ ಮಾತ್ರ ಇಳಿಯಬೇಕು. ಇಳಿದ ಗಳಿಗೆಗೆ ಬಿಸಿ ಡಾಂಬರು-ಜಲ್ಲಿ ಸುರಿಸಿ, ಅಂಚಿನಿಂದ ಶುರುಮಾಡಿ ನಡುವಿಗೆ ಬಡಿಯುತ್ತ ಬಂದಳು. ಹಳೆಯದು ಎಲ್ಲಿ ಮುಗಿಯಿತೆಂದು ಹುಡುಕಿದರೂ ನನಗೆ ಸಿಗಲಿಲ್ಲ.

ಆ ಮಳೆಗಾಲದಲ್ಲಿ ಪ್ರತಿ ಮಳೆಯ ಮರುದಿನ ನೀಲವ್ವ ಕೆಲಸಕ್ಕೆ ಮೊದಲು ಆ ತಿರುವಿಗೆ ಹೋಗಿ ನೋಡಿ ಬರುತ್ತಿದ್ದಳು. ಮೇಲ್ವಿಚಾರಣೆ ಎಂದು ಹೇಳಿಕೊಂಡು ನಾನೂ ಹೋಗುತ್ತಿದ್ದೆ. ಸಾಹೇಬರೆದುರು ಜಾಲಿಗಿಡ ನೋಡಿದವನಿಗೆ ಅಷ್ಟಾದರೂ ಬೇಕಿತ್ತು.

ಈ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ, 'ನಾನು ಮಾಡಿಸಿದ ತೇಪೆ' ಎಂದೇ. ನಿನ್ನೆ ಯಂತ್ರ ಹೋದ ಮೇಲೆ, ಅಂಚು ಕಾಸುವುದು ಹೊಸದೇನಲ್ಲ ಎಂದೆ. ಎದುರುಮನೆಯವರು, "ಇದರ ಬಗ್ಗೆ ನಿಮಗ ಹ್ಯಾಂಗ ಗೊತ್ರಿ?" ಎಂದರು. ಮೊದಲ ಸಲ ನೀಲವ್ವನ ಹೆಸರು ಹೇಳಿದೆ, ಹತ್ತಿಕಟ್ಟಿಗೆಯ ಸಂಗತಿಯನ್ನೂ ಹೇಳಿದೆ.

ಗುಡೂರ ತಿರುವಿನ ತೇಪೆ ಆ ಮಳೆಗಾಲ ಕೀಳಲಿಲ್ಲ. ನೀಲವ್ವ ಕೆಲಸದಲ್ಲಿ ಉಳಿದಳು.